ಹದಿನಾಲ್ಕು ವರ್ಷ ಗುಂಪಾಗಿದ್ದ ಕಂಡಕ್ಟರು

ಕಂಡಕ್ಟರು ಗಟ್ಟಿ ನೆಲದ ಮೇಲೂ ಕಾಲು ಅಗಲಿಸಿಯೇ ನಿಲ್ಲುತ್ತಿದ್ದರು. ಇಪ್ಪತ್ತೆರಡು ವರ್ಷ ಓಲಾಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ಟಿಕೆಟ್ ಹರಿದ ಆ ದೇಹಕ್ಕೆ, ಭೂಮಿ ಸ್ಥಿರವಾಗಿದೆಯೆಂಬ ನಂಬಿಕೆಯೇ ಹೊರಟುಹೋಗಿತ್ತು; ತಂಗಿಯ ಮದುವೆಯ ಫೋಟೋದಲ್ಲಿ ಬಂಧುಬಳಗವೆಲ್ಲ ನೆಟ್ಟಗೆ ನಿಂತಿದ್ದರೆ ಇವರೊಬ್ಬರು ಮಾತ್ರ ಮುಂದಿನ ತಿರುವಿಗೆ ಸಿದ್ಧರಾದವರಂತೆ ಕಾಣುತ್ತಾರೆ. ಮಾತೂ ಅದೇ ಜಾಡಿನದು. ಅಡುಗೆಮನೆಯ ಬಾಗಿಲಲ್ಲಿ ಯಾರಾದರೂ ನಿಂತರೆ ಸಾಕು, "ಸ್ವಲ್ಪ ಒಳಗೆ ನಡೀರಿ, ಒಳಗೆ ಖಾಲಿ ಇದೆ" ಎಂದುಬಿಡುತ್ತಿದ್ದರು. ಇಂಥವರು ವರ್ಷಕ್ಕೆ ಹದಿನೈದು ದಿನ ಸಿಪಾಯಿಯೂ ಆಗುತ್ತಾರೆಂದು ತಿಳಿದಾಗ ಬಸ್ಸಿನ ಜನ ಮೊದಲು ನಗುತ್ತಿದ್ದರು, ಆಮೇಲೆ ಪಾಪ ಎನ್ನುತ್ತಿದ್ದರು.

ಹರೆಯದಲ್ಲಿ ಎರಡು ವರ್ಷ ಸೈನ್ಯದಲ್ಲಿದ್ದ ಕಾರಣ ಅವರ ಹೆಸರು ಮೀಸಲು ಪಡೆಯ ಪಟ್ಟಿಯಲ್ಲಿ ಉಳಿದಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಕಂದು ಲಕೋಟೆಯೊಂದು ಬರುತ್ತಿತ್ತು. ಮೇಷ್ಟ್ರು, ಬಡಗಿ, ಗುಮಾಸ್ತ ಎಲ್ಲರೂ ಟ್ರಂಕು ಹೊತ್ತು ಶಿಬಿರಕ್ಕೆ ಹೋಗುತ್ತಿದ್ದರು. ಅಲ್ಲಿಯ ಪಾಠ ಯುದ್ಧದ್ದಲ್ಲ. ಊರು ರೊಚ್ಚಿಗೆದ್ದು ಪೊಲೀಸರ ಕೈ ಸಾಲದೆ ಹೋದರೆ, ಗುರಾಣಿ ಹಿಡಿದು ಬೀದಿಗೆ ಅಡ್ಡ ಹೇಗೆ ನಿಲ್ಲಬೇಕು, ಸಾಲು ಮುರಿಯದೆ ಹೇಗೆ ಹೆಜ್ಜೆ ಇಡಬೇಕು ಎಂಬುದಷ್ಟೇ. ಬೆಳಿಗ್ಗೆ ಅರ್ಧ ಮಂದಿ ಪಡೆ, ಅರ್ಧ ಮಂದಿ ಗುಂಪು. ಮಧ್ಯಾಹ್ನದ ಮೇಲೆ ಅದಲು ಬದಲು. ನಮ್ಮ ಕಂಡಕ್ಟರಿಗೆ ಮಾತ್ರ ಬೆಳಿಗ್ಗೆಯೂ ಗುಂಪು, ಮಧ್ಯಾಹ್ನವೂ ಗುಂಪು. ಯಾಕೆಂದರೆ ಉಗ್ರಾಣದಲ್ಲಿದ್ದ ಒಂದು ಹೆಲ್ಮೆಟ್ಟೂ ಅವರ ತಲೆಗೆ ಇಳಿಯುತ್ತಿರಲಿಲ್ಲ. "ನಿಮ್ಮ ತಲೆಗೆ ಹಂಡೆಗೇ ಪಟ್ಟಿ ಕಟ್ಟಿಸ್ಬೇಕು ಸ್ವಾಮಿ" ಎಂದು ಉಗ್ರಾಣದವನು ಪ್ರತಿ ವರ್ಷವೂ ಹೊಸದಾಗಿ ಹೇಳುತ್ತಿದ್ದ.

ಕೊಟ್ಟ ಕೆಲಸವನ್ನು ಕಾಟಾಚಾರಕ್ಕೆ ಮಾಡುವ ಜಾಯಮಾನ ಅವರದಲ್ಲ. ಒಳಗೆ ಹತ್ತಿ ತುಂಬಿ ಹೊಲಿದ ಹಳೆಯ ಕೋಟೊಂದನ್ನು ಶಿಬಿರದವರು ಗುಂಪಿನವರಿಗೆಂದು ಇಟ್ಟಿದ್ದರು. ಅದನ್ನು ತೊಟ್ಟರೆಂದರೆ ಕಂಡಕ್ಟರು ಬೇರೆಯೇ ಮನುಷ್ಯ. ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವ ಆ ಕಂಠದಲ್ಲಿ ಘೋಷಣೆ ಕೂಗುತ್ತಿದ್ದರು, ರಬ್ಬರ್ ಚೆಂಡುಗಳನ್ನು ಕಲ್ಲೆಂದು ಭಾವಿಸಿ ಬೀಸುತ್ತಿದ್ದರು, ಗುರಾಣಿಗೆ ಹೆಗಲು ಕೊಟ್ಟು ತಳ್ಳುತ್ತಿದ್ದರು. ಊಟದ ಹೊತ್ತಿನಲ್ಲಿ ಕೇಳುವವರಿದ್ದರೆ ತತ್ತ್ವವನ್ನೂ ಹೇಳುತ್ತಿದ್ದರು: "ಮುಂದಿರೋನಿಗೆ ಹಿಂದೆ ಹೋಗೋಕಾಗಲ್ಲ, ಹಿಂದಿರೋನಿಗೆ ಮುಂದೇನಾಗ್ತಿದೆ ಗೊತ್ತಾಗಲ್ಲ. ಗುಂಪು ಅಂದ್ರೆ ಅಷ್ಟೇ. ಬಸ್ಸೂ ಅಷ್ಟೇ."

ಆ ಕವಾಯತಿಗೊಂದು ಕ್ರಮವಿತ್ತು. ಗಲಾಟೆ ತಾರಕಕ್ಕೇರಿದಾಗ ಕ್ಯಾಪ್ಟನ್ನರು ಕೊನೆಯ ಎಚ್ಚರಿಕೆಯೆಂದು ಉದ್ದನೆಯ ಸೀಟಿ ಊದುತ್ತಿದ್ದರು. ಅದು ಕೇಳಿಸಿದ್ದೇ ತಡ, ಗುಂಪಿನ ಪಾತ್ರದವರು ಇದ್ದಲ್ಲಿಯೇ ನೆಲಕ್ಕೆ ಕೂತುಬಿಡಬೇಕು. ಸೀಟಿಯ ನಂತರದ್ದು ಲಾಠಿಯ ಕೆಲಸ, ಅದನ್ನು ಗೆಳೆಯರ ಮೈಮೇಲೆ ಅಭ್ಯಾಸ ಮಾಡುವುದು ಯಾರಿಗೂ ಬೇಡವಾಗಿತ್ತು. ಅಷ್ಟರಲ್ಲಿ ಊಟದ ಗಂಟೆಯೂ ಆಗಿರುತ್ತಿತ್ತು. ಹೀಗೆ ಹದಿನಾಲ್ಕು ವರ್ಷ, ಸೀಟಿಯ ಆಚೆಗೆ ಏನೆಂಬುದನ್ನು ಆ ಪಡೆಯಲ್ಲಿ ಒಬ್ಬರೂ ಕಲಿಯಲಿಲ್ಲ. ಕವಾಯತಿನ ಪುಸ್ತಕದಲ್ಲಿ ಮಾತ್ರ "ಸರ್ವಸನ್ನದ್ಧ" ಎಂದು ಷರಾ ಬೀಳುತ್ತಿತ್ತು.

ಹದಿನೈದನೆಯ ವರ್ಷ ದೊಡ್ಡ ಅಳತೆಯ ಹೆಲ್ಮೆಟ್ಟು ಬಂತು. ಕಂಡಕ್ಟರು ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತು ಮದುಮಗನ ಹಾಗೆ ನಾಚಿಕೊಂಡರಂತೆ. ಆ ಸಂತೋಷಕ್ಕೆ ಆಯುಸ್ಸು ಕಡಿಮೆ. ಶಿಬಿರ ಇನ್ನೂ ಶುರುವಾಗಿರಲಿಲ್ಲ, ಹೆಲ್ಮೆಟ್ಟು ಹಂಚಿ ಮನೆಗೆ ಕಳಿಸಿದ್ದರಷ್ಟೆ. ಅದೇ ವಾರ ಬಟ್ಟೆ ಗಿರಣಿಯ ಗೇಟಿಗೆ ಬೀಗ ಬಿತ್ತು, ಎಂಟುನೂರು ಜನ ಬೀದಿಗೆ ಬಂದರು, ಮೀಸಲು ಪಡೆಗೆ ಕರೆ ಹೋಯಿತು. ಆ ಎಂಟುನೂರರಲ್ಲಿ ಕಂಡಕ್ಟರ ಸ್ವಂತ ತಂಗಿ ಒಬ್ಬಳು; ಇವರ ವಾಸವೂ ಅವಳ ಮನೆಯಲ್ಲೇ. ಉಳಿದವರಲ್ಲಿ ಮುಕ್ಕಾಲು ಪಾಲು ಅವರದೇ ಬಸ್ಸಿನ ಜನ, ಯಾರು ಎಲ್ಲಿ ಇಳಿಯುತ್ತಾರೆಂದು ಕೇಳದೆಯೇ ಟಿಕೆಟ್ ಹರಿಯುವಷ್ಟು ಪರಿಚಯ.

ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತ ತಂಗಿಗೆ, "ಇವತ್ತೊಂದಿನ ಹೋಗ್ಬೇಡ ಕಣೇ" ಎಂದರು.

"ನೀನೂ ಹೋಗ್ಬೇಡ" ಎಂದಳು ಅವಳು.

ಇಬ್ಬರೂ ಹೋದರು.

ಗಿರಣಿಯ ಬೀದಿ ಇಕ್ಕಟ್ಟಿನದು, ಎರಡೂ ಕಡೆ ಎತ್ತರದ ಇಟ್ಟಿಗೆ ಗೋಡೆ. ಅದಕ್ಕೆ ಅಡ್ಡಲಾಗಿ ಗುರಾಣಿಗಳ ಸಾಲು. ನಡುಮಧ್ಯದಲ್ಲಿ, ಜೀವಮಾನದಲ್ಲಿ ಮೊದಲ ಸಲ ಈ ಕಡೆ ನಿಂತ ಕಂಡಕ್ಟರು. ಎದುರಿಗೆ ಹತ್ತು ಮಾರು ದೂರದಲ್ಲಿ ತಂಗಿ. ಹಿಂದಿನವರು ತಳ್ಳುತ್ತಿದ್ದರು, ಮುಂದಿನವರ ಕಾಲುಗಳು ತಾವಾಗಿ ಸರಿಯುತ್ತಿದ್ದವು. ಹತ್ತು ಮಾರು ಐದಾಯಿತು. ಒಂದು ಕಲ್ಲು ಬಂದು ಗುರಾಣಿಗೆ ಬಡಿಯಿತು. ಅದು ರಬ್ಬರಿನದಾಗಿರಲಿಲ್ಲ. ಲಾಠಿ ಹಿಡಿದ ಕೈ ಎತ್ತಿದರೆ ತಂಗಿ, ಎತ್ತದಿದ್ದರೆ ಪಕ್ಕದಲ್ಲಿರುವ ಬಡಗಿಯ ತಲೆ, ಅಷ್ಟೇ ಅವರಿಗೆ ತೋಚುತ್ತಿದ್ದದ್ದು. ವರ್ಷದ ಉಳಿದ ದಿನ ಗಣಿತ ಹೇಳಿಕೊಡುತ್ತಿದ್ದ ಕ್ಯಾಪ್ಟನ್ನರ ಮುಖ ಸುಣ್ಣದಂತಾಗಿತ್ತು. ಅವರು ಉದ್ದನೆಯ ಸೀಟಿ ಊದಿದರು.

ಕಂಡಕ್ಟರು ಕೂತುಬಿಟ್ಟರು.

ಗುರಾಣಿ ಪಕ್ಕಕ್ಕಿಟ್ಟು, ಚಕ್ಕಳಮಕ್ಕಳ ಹಾಕಿ, ಹದಿನಾಲ್ಕು ವರ್ಷ ಕೂತಂತೆಯೇ ಕೂತರು. ಎಡಕ್ಕಿದ್ದ ಬಡಗಿಯೂ ಕೂತ. ಅವನೂ ಅರ್ಧ ದಿನದ ಗುಂಪಿನವನೇ ತಾನೆ! ಅವನಿಂದ ಗುಮಾಸ್ತ, ಗುಮಾಸ್ತನಿಂದ ಮತ್ತೊಬ್ಬ, ನೋಡನೋಡುತ್ತಿದ್ದಂತೆ ಇಡೀ ಸಾಲು ನೆಲಕ್ಕಿಳಿಯಿತು. ಬಾಯಲ್ಲಿ ಸೀಟಿ ಕಚ್ಚಿಕೊಂಡು ನಿಂತವರು ಗಣಿತದ ಮೇಷ್ಟ್ರು ಒಬ್ಬರೇ. ಎದುರಿನಿಂದ ತಂಗಿಯ ದನಿ ಕೇಳಿಸಿತು:

"ಅಣ್ಣಾ, ಏಳೋ! ನೆಲ ಕಾದ್ ಕೆಂಡ ಆಗಿದೆ!"

ಯಾರೋ ಕಿಸಕ್ಕೆಂದರು. ನಗು ಹಿಂದಕ್ಕೆ ಹರಿಯಿತು. ಮುಂದೇನಾಗುತ್ತಿದೆಯೆಂದು ತಿಳಿಯದ ಹಿಂದಿನವರು ತಳ್ಳುವುದು ಬಿಟ್ಟು ಕತ್ತು ಚಾಚಿದರು. ತಂಗಿ ತಲೆ ಚಚ್ಚಿಕೊಂಡು ಅಣ್ಣನೆದುರಿಗೆ ತಾನೂ ಕೂತಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಂಟುನೂರು ಜನ ಕೂತರು. ಕೂತವರು ಕಲ್ಲು ಬೀಸುವುದು ಕಷ್ಟ, ಕೂತವರ ಮೇಲೆ ಲಾಠಿ ಎತ್ತುವುದು ಅದಕ್ಕಿಂತ ಕಷ್ಟ. ಒಂದು ಗಂಟೆ ಕಳೆದ ಮೇಲೆ ಮ್ಯಾನೇಜರು ಗೇಟಿನ ಸಣ್ಣ ಬಾಗಿಲು ತೆರೆದು ಐದು ಜನರನ್ನು ಮಾತಿಗೆ ಕರೆದ. ಗಿರಣಿ ಅಂದೇ ತೆರೆಯಲಿಲ್ಲ, ನಿಜ. ಆದರೆ ಆ ಸಂಜೆ ಊರಿನ ಆಸ್ಪತ್ರೆಗೆ ಒಬ್ಬರೂ ಹೋಗಲಿಲ್ಲ. ಅಬ್ಬಾ, ಎಂದು ಇಡೀ ಊರು ಉಸಿರು ಬಿಟ್ಟಿತು.

ವಿಚಾರಣೆ ನಡೆಯಿತು. "ಕೂರೋಕೆ ಯಾರು ಹೇಳಿದ್ದು?" ಎಂದರೆ, "ಸೀಟಿ ಊದಿದ್ರಲ್ಲ ಸಾರ್" ಎಂದರು ಕಂಡಕ್ಟರು. ಊರಿನವರು ಮಹಾತ್ಮನ ಪಟ್ಟ ಕಟ್ಟಲು ಬಂದಾಗ ಅದನ್ನೂ ಒಪ್ಪಲಿಲ್ಲ. "ಯೋಚ್ನೆ ಮಾಡಿ ಕೂತಿದ್ರೆ ದೊಡ್ಡ ಮನುಷ್ಯ ಆಗ್ತಿದ್ದೆ. ಮಂಡಿ ತಾನಾಗೇ ಮಡಚ್ಕೊಳ್ತು" ಎಂದರು. ತಂಗಿ ಮಾತ್ರ ಒಮ್ಮೆ, ತಟ್ಟೆಗೆ ಬಡಿಸುತ್ತ, ಕೇಳಬಾರದ್ದನ್ನು ಕೇಳಿದಳು: "ಅಣ್ಣ, ಮಂಡಿ ಮಡಚ್ಕೊಳ್ದೆ ಇದ್ದಿದ್ರೆ? ಹೊಡೀತಿದ್ಯಾ?"

ಕಂಡಕ್ಟರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. "ಗೊತ್ತಿಲ್ಲ ಕಣೇ" ಎಂದರು. ತಂಗಿ ಇನ್ನೊಂದು ಸೌಟು ಬಡಿಸಿದಳು.

ಹೊಟ್ಟೆಪಾಡಿಗೆ ಬೇರೇನೋ ಮಾಡಿಕೊಂಡು, ಕರೆ ಬಂದಾಗ ನೆರೆಹೊರೆಯವರ ಎದುರಿಗೇ ಗುರಾಣಿ ಹಿಡಿದು ನಿಲ್ಲಬೇಕಾದ ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಅವರು ವೀರರೆಂದೋ ಹೇಡಿಗಳೆಂದೋ ತೀರ್ಮಾನಿಸಲು ನಾವು ಅವಸರಪಡುತ್ತೇವೆ. ಅವರಿಗೆ ಬೇಕಾದದ್ದು ಎರಡೂ ಅಲ್ಲ. ತಮ್ಮ ಕೈ ಅಂದು ಏನು ಮಾಡಿಬಿಡುತ್ತಿತ್ತೆಂಬುದು ಕಡೆಯವರೆಗೂ ಗೊತ್ತಾಗದೆ ಇರುವುದು, ಮತ್ತು ಅದೇ ಕೈಯಿಂದ ತಂಗಿಯ ಮನೆಯಲ್ಲಿ ಉಣ್ಣುವುದು, ಅಂಥವರ ಪಾಲಿಗೆ ಇದಕ್ಕಿಂತ ದೊಡ್ಡ ಪುಣ್ಯವಿಲ್ಲ.