ಗಾಜಿಗೆ ಅಂಟಿಸಿದ ಹಾಳೆಗಳು

"ಅಪ್ಪಾ, ಅಮ್ಮನ್ನ ಮುಂದಿನ ಕೋಣೇಲಿ ಮಲಗಿಸಿದ್ದಾರೆ. ನೀನಿಲ್ಲಿ ಕಾರಿನ ಗಾಜಿಗೆ ಪೇಪರ್ ಅಂಟಿಸ್ತಾ ನಿಂತಿದ್ದೀಯಲ್ಲ!"

ಪೇಂಟರ್ ಟೇಪನ್ನು ಹಲ್ಲಿನಲ್ಲಿ ಕಚ್ಚಿ ಹರಿದ. ಮುಂದಿನ ಗಾಜಿನಲ್ಲಿ ಒಂದು ಮೂಲೆ ಮಾತ್ರ ಉಳಿದಿತ್ತು. ಅಲ್ಲಿಗೆ ಪತ್ರಿಕೆಯ ಒಂದು ಹಾಳೆ ಇಟ್ಟು, ಅಂಚಿನುದ್ದಕ್ಕೂ ಟೇಪು ಎಳೆದು ಹೆಬ್ಬೆರಳಿನಿಂದ ಒತ್ತಿದ. ಕಾರಿಗೆ ಬಣ್ಣ ಹೊಡೆಯುವಾಗ ಗಾಜಿನ ಮೇಲೆ ಒಂದು ಹನಿಯೂ ಕೂರಬಾರದು. ನಲವತ್ತೈದು ವರ್ಷ ಮಾಡಿದ ಕೆಲಸ, ಕೈ ತನ್ನಷ್ಟಕ್ಕೆ ತಾನೇ ಮಾಡುತ್ತಿತ್ತು.

"ಹತ್ತೂವರೆಗೆ ಸ್ಮಶಾನದ ಗಾಡಿ ಬರುತ್ತೆ," ಎಂದಳು ಮಗಳು.

"ಬರ್ಲಿ. ಬಣ್ಣ ಕಲಸಿಬಿಟ್ಟೆ ಕಣಮ್ಮ. ಕಲಸಿದ್ಮೇಲೆ ಅದು ಯಾರಿಗೂ ಕಾಯಲ್ಲ, ಗಟ್ಟಿಯಾಗುತ್ತೆ. ಒಂದು ಕೋಟು, ಅಷ್ಟೇ."

"ಇವತ್ತು ಯಾಕಪ್ಪ ಕಲಸೋಕೆ ಹೋದೆ?"

ಬೆಳಿಗ್ಗೆ ಎದ್ದವನಿಗೆ ಎರಡು ಕೈಗಳನ್ನು ಎಲ್ಲಿಡಬೇಕೆಂದೇ ತಿಳಿದಿರಲಿಲ್ಲ. ಮಗಳು ಅವನ ಮುಖ ನೋಡಿ, "ಹತ್ತು ನಿಮಿಷ," ಎಂದಳು.

ಹಲ್ಲಿನ ಡಾಕ್ಟರ ಹಳೇ ಕಾರಿನ ಮೇಲೆ ನೀಲಿ ಮಂಜು ಇಳಿಯತೊಡಗಿತು. ಷೆಡ್ಡಿನ ತುಂಬ ಥಿನ್ನರಿನ ಘಾಟು. ಮಗಳು ಮೂಗು ಮುಚ್ಚಿಕೊಂಡು ಹೊರಗೋಡಿದಳು. ಪೇಂಟರನಿಗೆ ಘಾಟೂ ಇಲ್ಲ, ಗೀಟೂ ಇಲ್ಲ. ನಲವತ್ತೆಂಟನೇ ವಯಸ್ಸಿನಲ್ಲೇ ಅವನ ಮೂಗು ಕೈಕೊಟ್ಟಿತ್ತು. ಇದೇ ಬಣ್ಣ, ಇದೇ ಥಿನ್ನರು ಅದನ್ನು ತಿಂದುಹಾಕಿದ್ದವು. ಒಂದು ದಿನ ಒಲೆಯ ಮೇಲೆ ಹಾಲು ಸೀದು ಕರಕಲಾಗುತ್ತಿದ್ದರೆ ಇವನು ಎರಡಡಿ ದೂರದಲ್ಲಿ ಕೂತು ರೇಡಿಯೋ ರಿಪೇರಿ ಮಾಡುತ್ತಿದ್ದ. ಹೆಂಡತಿ ಓಡಿಬಂದು ಒಲೆ ಆರಿಸಿದಳು. ಬಯ್ಯಲು ಬಾಯಿ ತೆರೆದವಳು ಅವನ ಮುಖ ನೋಡಿ ಸುಮ್ಮನಾದಳು. ಇಬ್ಬರಿಗೂ ಗೊತ್ತಾದದ್ದು ಅವತ್ತೇ.

*

ಹನ್ನೆರಡು ಜನ ಬರಬಹುದೆಂದು ಅವನು ಎಣಿಸಿದ್ದ. ಅಕ್ಕಪಕ್ಕದವರು, ಅವಳು ಮೂವತ್ತು ವರ್ಷ ಹೊಲಿಗೆ ಹಾಕಿದ ಪರದೆ ಅಂಗಡಿಯವರು, ಅಷ್ಟೇ. ಒಂಬತ್ತೂವರೆಗೆ ಕುರ್ಚಿ ಸಾಲಲಿಲ್ಲ. ಹತ್ತಕ್ಕೆ ಅಂಗಳವೂ ಸಾಲದೆ ಜನ ಗೇಟಿನಾಚೆ ನಿಂತರು. ಕೆಲವರ ಕೈಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ಹಾಳೆಗಳು. ಒಳಗೆ ಬಂದವರು ಅವಳ ಮುಖವನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು. ನಿಜಕ್ಕೂ ಅದು ಮೊದಲ ಸಲವೇ.

ಪರದೆ ಅಂಗಡಿಯಲ್ಲಿ ಅವಳ ಪಕ್ಕದ ಮಿಷಿನ್ನಿನಲ್ಲಿ ಕೂರುತ್ತಿದ್ದ ಗೆಳತಿಯನ್ನು ಎಲ್ಲರೂ ಕರೆಯುವುದು ಕತ್ತರಿ ಎಂದೇ. ಆ ಹೆಸರು ಬಂದದ್ದು ಬಟ್ಟೆಯಿಂದಲ್ಲ, ಬಾಯಿಯಿಂದ. ಆಕೆ ಪೇಂಟರನ ಕಿವಿಯ ಹತ್ತಿರ ಬಗ್ಗಿದಳು.

"ಯಾರಣ್ಣ ಇವರೆಲ್ಲ? ಅಂಗಡಿ ಬಾಗಿಲು ತೆರೆದಾಗಿನಿಂದ ನಮಗೆ ಇಷ್ಟು ಗಿರಾಕಿ ಬಂದಿಲ್ಲ."

"ಅವಳ ಮೂಗಿನ ನೆಂಟರು," ಎಂದ ಪೇಂಟರ್.

ಅದರಲ್ಲಿದ್ದ ಕಹಿ ಅವನಿಗೇ ಕೇಳಿಸಿತು. ಹೆಣದ ಮುಂದೆ ಕೂತು ಹೀಗೆ ಅಂದೆನಲ್ಲ ಎಂದು ನಾಚಿಕೆಯಾಯಿತು.

*

ಎಂಟು ವರ್ಷದ ಹಿಂದೆ, ಅವಳಿಗೆ ಅರವತ್ತೊಂದು. ವೈನ್ ಅಂಗಡಿಯ ನೆಲಮಾಳಿಗೆಗೆ ಬೆಳಕು ನುಸುಳದಂಥ ದಪ್ಪ ಪರದೆ ಬೇಕಾಗಿ, ಅಳತೆಗೆ ಹೋದದ್ದು ಅವಳು. ಪರದೆ ತೂಗುಹಾಕಿ ಮುಗಿದ ದಿನ ಅಂಗಡಿಯ ಯಜಮಾನ ಖುಷಿಗೆ ಲೋಟದ ತಳದಲ್ಲಿ ಒಂದಿಷ್ಟು ಕೆಂಪು ಸುರಿದು ಕೊಟ್ಟ. ಅಲ್ಲಿಯತನಕ ಒಂದು ಹನಿ ತುಟಿಗೆ ಸೋಕಿಸಿದವಳಲ್ಲ.

ಮನೆಗೆ ಬಂದವಳು ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಕುರ್ಚಿಯಲ್ಲಿ ಕೂತುಬಿಟ್ಟಳು.

"ರೀ, ಇವತ್ತು ಒಂದು ಗುಟುಕು ವೈನ್ ಕುಡ್ದೆ."

"ಅಯ್ಯಯ್ಯಪ್ಪಾ! ಈ ವಯಸ್ಸಲ್ಲಿ?"

"ನಗಬೇಡ್ರಿ. ಅರವತ್ತೊಂದು ವರ್ಷ ನಾನೆಲ್ಲಿದ್ದೆ ಅನ್ನಿಸಿಬಿಡ್ತು."

ಅವನು ಇನ್ನೂ ಜೋರಾಗಿ ನಕ್ಕಿದ್ದ. ಅವಳು ನಗಲಿಲ್ಲ. ಶನಿವಾರ ಶನಿವಾರ ಆ ನೆಲಮಾಳಿಗೆಗೆ ಹೋದಳು. ಲೈಬ್ರರಿಯಿಂದ ಪುಸ್ತಕ ತಂದಳು. ಸಂಜೆ ಒಂದೇ ಲೋಟ, ಕಿಟಕಿಯ ಪಕ್ಕದ ಕುರ್ಚಿ, ಪರದೆಯ ಅಳತೆ ಬರೆಯುತ್ತಿದ್ದ ನೋಟುಬುಕ್ಕು. ಕತ್ತರಿ ಒಂದು ಸಲ, "ಕುಡಿಯೋಕೆ ಶುರು ಮಾಡಿದ್ಯಂತೆ?" ಎಂದು ಕೆಣಕಿದಾಗ, "ಕುಡಿಯೋದಲ್ಲ ಕಣೇ, ಓದೋದು. ಲೋಟದಲ್ಲಿ ಎಷ್ಟೊಂದು ಬರೆದಿರುತ್ತೆ ಗೊತ್ತಾ," ಎಂದಿದ್ದಳು.

ಪೇಂಟರ್ ಎದುರಿಗೆ ಕೂತು ನೋಡುತ್ತಿದ್ದ. ಅವಳು ಲೋಟಕ್ಕೆ ಮೂಗಿಟ್ಟು ಕಣ್ಣು ಮುಚ್ಚಿದರೆ ಮುಖವೇ ಬದಲಾಗುತ್ತಿತ್ತು. ಮದುವೆಯ ಹೊಸತರಲ್ಲೂ ಅವನು ಆ ಮುಖ ಕಂಡಿರಲಿಲ್ಲ. ಒಂದು ಸಂಜೆ ಅವಳ ಪುಸ್ತಕ ತೆರೆದು ನೋಡಿದ. ಒದ್ದೆ ಮಣ್ಣಿನ ವಾಸನೆ, ಹಣ್ಣಾದ ಪ್ಲಮ್ಮಿನ ವಾಸನೆ, ಹಳೇ ಚರ್ಮದ ವಾಸನೆ, ಹೊಗೆಯ ವಾಸನೆ. ಪುಟ ತಿರುವಿದರೂ ಅದೇ. ಮುಚ್ಚಿಟ್ಟು ಹೇಳಿದ:

"ನೀನು ಹೋಗೋ ಊರಿಗೆ ನನಗೆ ಟಿಕೆಟ್ ಇಲ್ಲ ಬಿಡು."

ಅವಳು ಆ ಸಂಜೆ ಲೋಟವನ್ನು ಖಾಲಿ ಮಾಡಲಿಲ್ಲ.

ಕೆಲವು ತಿಂಗಳಾದ ಮೇಲೆ ಅವಳ ಬರಹ ಒಂದು ಮಾಸಪತ್ರಿಕೆಯಲ್ಲಿ ಬರತೊಡಗಿತು. ಮೊದಲ ಪ್ರತಿಯನ್ನು ತಂದು ಷೆಡ್ಡಿನ ಮೇಜಿನ ಮೇಲೆ, ಪುಟ ಮಡಿಸಿ ಇಟ್ಟಳು. "ಇದು ನಿಮಗೆ," ಎಂದಳು. ಒಳಗೆ ಅವಳ ಬರಹ ಇದೆಯೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಓದಲಿಲ್ಲ. ತನಗಿಲ್ಲದ ಊರಿನ ಸುದ್ದಿ ತನಗ್ಯಾಕೆ ಎಂಬ ಹಟ. ಕಾಗದ ಮಾತ್ರ ದಪ್ಪಗೆ, ನುಣ್ಣಗೆ, ಬಲು ಚೆನ್ನಾಗಿತ್ತು. ಅವತ್ತೇ ಹಾಳೆ ಕಿತ್ತು ಒಂದು ವ್ಯಾನಿನ ಗಾಜಿಗೆ ಅಂಟಿಸಿದ.

ಅವಳು ಚಹಾ ತಂದವಳು ಬಾಗಿಲಲ್ಲೇ ನಿಂತಳು.

"ಒಳ್ಳೇ ಪೇಪರು ಕಣೇ, ಬಣ್ಣ ಒಂಚೂರೂ ಇಳಿಯಲ್ಲ," ಎಂದ ಅವನು.

ಅವಳು ಸ್ವಲ್ಪ ಹೊತ್ತು ಆ ಗಾಜನ್ನೇ ನೋಡಿದಳು. ಆಮೇಲೆ ನಕ್ಕುಬಿಟ್ಟಳು. "ಸದ್ಯ, ಕೆಲಸಕ್ಕಾದ್ರೂ ಬಂತಲ್ಲ," ಎಂದಳು. ಮುಂದಿನ ತಿಂಗಳೂ ಒಂದು ಪ್ರತಿ ಮೇಜಿನ ಮೇಲಿತ್ತು. ಅದರ ಮುಂದಿನ ತಿಂಗಳೂ ಇತ್ತು. ಏಳು ವರ್ಷದಲ್ಲಿ ಒಂದು ತಿಂಗಳೂ ತಪ್ಪಲಿಲ್ಲ.

*

ಜನರ ನಡುವಿನಿಂದ ದಪ್ಪ ಮೈಯ ಒಬ್ಬಾತ ದಾರಿ ಮಾಡಿಕೊಂಡು ಬಂದು ಪೇಂಟರನ ಎರಡೂ ಕೈ ಹಿಡಿದುಕೊಂಡ.

"ನಾನು ಅಡುಗೆಯವನು ಯಜಮಾನ್ರೇ, ಹೋಟೆಲಲ್ಲಿ. ಒಂದು ಜ್ವರ ಬಂದು ಮೂಗು ಹೋಯ್ತು. ಅಡುಗೆಯವನಿಗೆ ಮೂಗು ಹೋದ್ರೆ ಇನ್ನೇನುಳೀತು ಹೇಳಿ? ತಿಂದಿದ್ದೆಲ್ಲ ರದ್ದಿ ಪೇಪರು. ಕೆಲಸ ಬಿಟ್ಟು ಮೂಲೇಲಿ ಕೂತಿದ್ದೆ. ಯಾರೋ ಅಮ್ಮೋರ ಬರಹ ಕೊಟ್ರು. ಓದಿದವನೇ ತಟ್ಟೆ ಮುಂದೆ ಕೂತೆ. ಉಪ್ಪು ನಾಲಗೇಲಿ ಎಲ್ಲಿ ಶುರುವಾಗುತ್ತೆ, ಖಾರ ಎಲ್ಲಿ ಹೋಗಿ ನಿಲ್ಲುತ್ತೆ, ಹುಳಿ ಬಂದ್ರೆ ದವಡೆ ಹೆಂಗೆ ಹಿಂಡುತ್ತೆ, ಎಲ್ಲ ಹುಡುಕ್ತಾ ಹುಡುಕ್ತಾ ತಿಂದೆ. ತಟ್ಟೆ ಮುಂದೆ ಅತ್ತುಬಿಟ್ಟೆ. ಈಗ ಮತ್ತೆ ಒಲೆ ಮುಂದೆ ನಿಂತಿದ್ದೀನಿ."

ಪೇಂಟರನಿಗೆ ತಲೆಬುಡ ಅರ್ಥವಾಗಲಿಲ್ಲ. "ವೈನ್ ಬರಹ ಓದಿನಾ? ಅದೆಲ್ಲ ಬರೀ ವಾಸನೆ ಅಲ್ವೇನ್ರಿ?"

"ವಾಸನೆನಾ?" ಅಡುಗೆಯವನು ಅವನನ್ನೇ ನೋಡಿದ. "ಅಮ್ಮೋರ ಬರಹದಲ್ಲಿ ವಾಸನೆ ಎಲ್ಲಿದೆ?"

ಪಕ್ಕದಲ್ಲಿ ನಿಂತಿದ್ದ ನರೆಗೂದಲಿನ ಹೆಂಗಸು ಇತ್ತ ತಿರುಗಿದಳು. ಅವಳ ಬರಹ ಅಚ್ಚುಮಾಡುತ್ತಿದ್ದ ಪತ್ರಿಕೆಯ ಸಂಪಾದಕಿ.

"ಮೊದಲು ಕಳಿಸಿದ ಬರಹದಲ್ಲಿ ಹನ್ನೊಂದು ವಾಸನೆ ಇದ್ವು," ಎಂದಳು. "ಎಣಿಸಿದ್ದೆ. ಚೆನ್ನಾಗೇ ಇತ್ತು, ಅಚ್ಚಿಗೆ ಕಳಿಸೋದರಲ್ಲಿದ್ದೆ. ಒಂದು ದಿನ ತಾವೇ ಆಫೀಸಿಗೆ ಬಂದ್ರು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. 'ಅದನ್ನ ವಾಪಸ್ ಕೊಡಿ' ಅಂದ್ರು. ಯಾಕಮ್ಮ ಅಂದೆ. 'ನಮ್ಮನೇಲಿ ಒಬ್ರಿಗೆ ಟಿಕೆಟ್ ಸಿಕ್ಕಿಲ್ಲ' ಅಂದ್ರು. ನನಗೆ ಇವತ್ತಿಗೂ ಅರ್ಥ ಆಗಿಲ್ಲ."

ಪೇಂಟರ್ ಗೋಡೆಗೆ ಒರಗಿಕೊಂಡ.

"ಮೂರು ವಾರ ಬಿಟ್ಟು ಬೇರೆ ಬರೆದು ತಂದ್ರು. ಅದರಲ್ಲಿ ಮೂಗಿಗೆ ಸಂಬಂಧಪಟ್ಟ ಒಂದು ಮಾತೂ ಇಲ್ಲ. ಬರೀ ಮುಟ್ಟಿದ್ದು, ತೂಗಿದ್ದು, ಬಿಸಿ, ತಣ್ಣಗೆ, ಒರಟು, ನುಣುಪು. ವಾಸನೆ ಬಿಟ್ಟು ವೈನ್ ಬಗ್ಗೆ ಬರೀತಾರಾ ಯಾರಾದ್ರೂ? ದೊಡ್ಡ ದೊಡ್ಡ ಪಂಡಿತರು ಬಿದ್ದುಬಿದ್ದು ನಕ್ಕರು. ಆಮೇಲೆ ಅವರೇ ಕತ್ತರಿಸಿ ಇಟ್ಕೊಂಡ್ರು. ಏಳು ವರ್ಷ ರೀ! ಒಂದು ಸಲವೂ ಜಾರಲಿಲ್ಲ. ನಾನಂತೂ ಪ್ರತಿ ತಿಂಗಳು ಈ ಸಲ ಸಿಕ್ಕಿಬೀಳ್ತಾರೆ ಅಂತ ಹುಡುಕೋಳು. ಸಿಗಲಿಲ್ಲ."

ಮಾತು ನಿಲ್ಲಿಸಿ ಸಂಪಾದಕಿ ಮುಂದಿನ ಕೋಣೆಯ ಕಡೆ ನೋಡಿದಳು.

"ಇನ್ನೊಂದು ಷರತ್ತಿತ್ತು. ಅಕ್ಷರ ದೊಡ್ಡದಿರಬೇಕು. 'ಅವರು ಕನ್ನಡಕ ಹುಡುಕೋಕೆ ಹೋದ್ರೆ ಓದೋದನ್ನೇ ಮರೀತಾರೆ' ಅಂತಿದ್ರು. ಬೇರೆ ಪುಟಕ್ಕೆಲ್ಲ ಸಣ್ಣಕ್ಷರ, ಅವರ ಪುಟಕ್ಕೆ ಮಾತ್ರ ಇಷ್ಟಿಷ್ಟು ದಪ್ಪ." ಅವಳು ಪೇಂಟರನನ್ನು ನೋಡಿ ಪ್ರೀತಿಯಿಂದಲೇ ಕೇಳಿದಳು: "ನಿಮಗೆ ಯಾವುದು ತುಂಬ ಇಷ್ಟವಾಗಿತ್ತು?"

ತಾನು ಕೈಯಾರೆ ಬಣ್ಣ ಬಳಿದು, ಸುಲಿದು, ಉಂಡೆ ಕಟ್ಟಿ ಎಸೆದ ಹಾಳೆಗಳೆಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಎಷ್ಟು ವ್ಯಾನು, ಎಷ್ಟು ಕಾರು, ದೇವರೇ!

"ಅಪ್ಪಾ, ಗಾಡಿ ಬಂತು," ಎಂದು ಮಗಳು ಕರೆದಳು.

*

ಎಲ್ಲ ಮುಗಿಸಿ ಬಂದಾಗ ಮಧ್ಯಾಹ್ನ ಮೂರು ಗಂಟೆ. ಜನ ಚಹಾ ಕುಡಿಯುತ್ತ ಅವಳ ಸಾಲುಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಕತ್ತರಿ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು, ಹುಟ್ಟಿದಾಗಿನಿಂದ ಮೊದಲ ಸಲ ತಿರುಗಿ ಮಾತಾಡದೆ. ಪೇಂಟರ್ ಯಾರಿಗೂ ಹೇಳದೆ ಎದ್ದು ಷೆಡ್ಡಿಗೆ ನಡೆದ.

ಬೆಳಗಿನ ಕೋಟು ಒಣಗಿ ಹೊಳೆಯುತ್ತಿತ್ತು. ಗಾಜುಗಳ ಮೇಲಿನ ಹಾಳೆಗಳೆಲ್ಲ ಅಚ್ಚ ನೀಲಿ. ಒಂದು ಅಕ್ಷರ ಕಾಣುವಂತಿಲ್ಲ. ಉಗುರಿನಿಂದ ಒಂದು ಕಡೆ ಕೆರೆದ. ಬಣ್ಣದ ಜೊತೆ ಕಾಗದವೂ ಎದ್ದುಬಂತು. ಕೈ ಹಿಂದಕ್ಕೆಳೆದುಕೊಂಡು ನಿಂತ. ಎಷ್ಟು ಹೊತ್ತು ನಿಂತನೋ. ಆಮೇಲೆ ಅವನಿಗೆ ಹೊಳೆಯಿತು. ಹಾಳೆಗೆ ಇನ್ನೊಂದು ಮಗ್ಗುಲಿದೆಯಲ್ಲ!

ಬಾಗಿಲು ತೆರೆದು ಕಾರಿನೊಳಗೆ, ಸ್ಟೇರಿಂಗ್ ಮುಂದೆ ಕೂತ.

ಒಳಗೆ ನೀಲಿ ಬೆಳಕು. ಸುತ್ತಲೂ ಗಾಜಿಗೆ ಮುಖಮಾಡಿ ಅಚ್ಚಿನ ಹಾಳೆಗಳು. ಜಾಹೀರಾತು, ಯಾರದೋ ಪ್ರವಾಸ, ಸಣ್ಣಕ್ಷರದ ಏನೇನೋ. ಹಿಂದಿನ ಗಾಜಿನಲ್ಲಿ ದೊಡ್ಡಕ್ಷರದ್ದು ಒಂದು, ತಲೆಕೆಳಗಾಗಿ. ಎಡಗಡೆ ಕಿಟಕಿಯಲ್ಲಿ ಇನ್ನೊಂದು, ಅರ್ಧಕ್ಕೆ ಹರಿದದ್ದು. ಎದುರಿಗೆ, ಬೆಳಿಗ್ಗೆ ಕೊನೆಯಲ್ಲಿ ಅಂಟಿಸಿದ ಮೂಲೆಯಲ್ಲಿ ಈ ತಿಂಗಳದ್ದು, ನೆಟ್ಟಗೆ, ಪೂರ್ತಿ. ಕನ್ನಡಕ ಬೇಕಾಗಲಿಲ್ಲ.

'ಈ ವೈನನ್ನು ಕೂಡಲೇ ನುಂಗಬೇಡಿ. ಒಸಡಿಗೊಂದು ಒರಟು ತಗಲುತ್ತದೆ, ಉಪ್ಪುಕಾಗದ ಉಜ್ಜಿದ ತಗಡಿನಂತೆ. ಕಾರಿಗೆ ಬಣ್ಣ ಹೊಡೆಯುವವರು ಆ ತಗಡನ್ನು ಅಂಗೈಯಿಂದ ನೋಡುವುದಿಲ್ಲ. ಕಣ್ಣು ಮುಚ್ಚಿ ಬೆರಳಿನ ಹಿಂಬದಿಯಿಂದ ಸವರುತ್ತಾರೆ. ಆಗ ಅವರ ಮುಖ ನೋಡಬೇಕು. ವೈನ್ ಕುಡಿಯುವುದನ್ನು ನಾನು ಕಲಿತದ್ದು ನೆಲಮಾಳಿಗೆಯಲ್ಲಲ್ಲ, ಒಂದು ಷೆಡ್ಡಿನ ಬಾಗಿಲಲ್ಲಿ ನಿಂತು. ನಾಲಗೆಯಿಂದ ಹಾಗೇ ಸವರಿ. ಒರಟಿನ ಕೆಳಗೆ ನುಣುಪು ಸಿಗುತ್ತದೆ. ಸಿಕ್ಕಮೇಲೆ ನುಂಗಿ, ಎಣಿಸಿ. ವೈನ್ ಹೋದ ಮೇಲೂ ಬಾಯಲ್ಲಿ ಎಷ್ಟು ಹೊತ್ತು ಉಳಿಯುತ್ತದೋ ಅದೇ ಅದರ ಆಯಸ್ಸು. ನನಗೆ ಹನ್ನೆರಡಕ್ಕೆ ಮುಗಿಯಿತು. ನಿಮಗೆ ಎಷ್ಟಾಯಿತು, ಹೇಳಿ.'

ಅವನು ಎರಡು ಸಲ ಓದಿದ. ಮೂರನೇ ಸಲ ಅಕ್ಷರಗಳು ಕಲಸಿಹೋದವು.

ಹುಡುಕಿಕೊಂಡು ಬಂದ ಮಗಳು ತೆರೆದ ಬಾಗಿಲಿನಲ್ಲಿ ಬಗ್ಗಿ ನೋಡಿದಳು. "ಅಪ್ಪಾ? ಇಲ್ಲೇನು ಮಾಡ್ತಿದ್ದೀಯಾ?"

"ನಿಮ್ಮಮ್ಮನ ಬಾಟ್ಲಿ ಇದೆಯಲ್ಲ, ಕಿಟಕಿ ಹತ್ರ, ಅರ್ಧ ಆಗಿದ್ದು. ತಗೊಂಬಾ."

"ನೀನಾ?"

"ಲೋಟಾನೂ ತಾ. ಅವಳದ್ದೇ."

ಮಗಳು ತಂದು, ಲೋಟಕ್ಕೆ ಒಂದಿಷ್ಟು ಸುರಿದು ಕೊಟ್ಟಳು. ಪೇಂಟರ್ ಅದನ್ನು ಮೂಗಿನ ಹತ್ತಿರ ಒಯ್ಯಲಿಲ್ಲ. ಒಂದು ಗುಟುಕು ಬಾಯಲ್ಲಿ ಹಿಡಿದು ಕಣ್ಣು ಮುಚ್ಚಿದ. ಅವನ ಬಲಗೈ ತೊಡೆಯ ಮೇಲಿತ್ತು. ಆ ಕೈ ತಾನಾಗಿ ಮಗುಚಿ, ಬೆರಳುಗಳ ಹಿಂಬದಿ ಬಟ್ಟೆಯ ಮೇಲೆ ನಿಧಾನವಾಗಿ ಸರಿಯತೊಡಗಿತು. ಒಂದು ಕಡೆ ಬಂದು ನಿಂತಿತು. ಅವನು ನುಂಗಿದ.

ತುಟಿಗಳು ಅಲುಗುತ್ತಿದ್ದವು. ಮಗಳು ಕಿವಿಗೊಟ್ಟಳು. ಎಂಟು, ಒಂಬತ್ತು. ಹನ್ನೆರಡು ಬಂತು, ದಾಟಿತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಇಪ್ಪತ್ತೊಂದು ಕಣೇ," ಎಂದ ಅವನು ಎದುರಿನ ಗಾಜಿಗೆ. "ಇಪ್ಪತ್ತೆರಡು."