ಕಣದಂಥ ಹಾಸಿಗೆ

ಬೆಳಗ್ಗೆ ಏಳರ ಹೊತ್ತಿಗೆ ಕೆಳಗಿನ ರಸ್ತೆಯಲ್ಲಿ ಯಾರೋ ಗದ್ದೆ ಮಾರಿಕೊಂಡು ಹೋಗುತ್ತಿದ್ದ.

"ಗದ್ದೇ ಲೇ ಲೋ, ಗದ್ದೇ!"

ಬಾಣಂತಿಗೆ ಮೆಣಸಿನ ಸಾರು ಕುದಿಸುತ್ತಿದ್ದ ಶಾಂತಮ್ಮ ಸೌಟು ಹಿಡಿದುಕೊಂಡೇ ಬಾಲ್ಕನಿಗೆ ಬಂದು ಬಗ್ಗಿ ನೋಡಿದರು. ಮದ್ದೂರಿನ ನಾಲೆ ಬಯಲಿನಿಂದ ಮಗಳ ಬಾಣಂತನಕ್ಕೆಂದು ನೋಯ್ಡಾಕ್ಕೆ ಬಂದು ಹನ್ನೆರಡು ದಿನವಾಗಿತ್ತು. ಈ ಊರಿನ ಆಶ್ಚರ್ಯಗಳು ಇನ್ನೂ ಮುಗಿದಿರಲಿಲ್ಲ.

"ಧಾರಿಣೀ, ಇಲ್ಲಿ ಗದ್ದೇನೂ ಸೈಕಲ್ ಮೇಲೆ ಮಾರ್ತಾರೇನೇ? ಎಷ್ಟು ಗುಂಟೆ ಅಂತ ಕೇಳ್ಲಾ?"

ಮಗುವಿಗೆ ಹಾಲು ಕುಡಿಸುತ್ತಿದ್ದ ಧಾರಿಣಿ ಹೊಟ್ಟೆ ಹಿಡಿದುಕೊಂಡಳು. "ಅವ್ವಾ, ನಗಿಸ್ಬೇಡ, ಹೊಲಿಗೆ ನೋಯುತ್ತೆ! ಇವರ ಭಾಷೇಲಿ ಗದ್ದೆ ಅಂದ್ರೆ ಹಾಸಿಗೆ."

ಹಾಸಿಗೆಯ ಮಾತು ಬಂದದ್ದೇ ಶಾಂತಮ್ಮನ ಮುಖ ಸಪ್ಪಗಾಯಿತು. ಅಳಿಯ ಯಶವಂತನ ಆಫೀಸಿನವರೊಬ್ಬರು ಹಿಂದಿನ ದಿನ ಮಗುವಿನ ಕ್ರಿಬ್ಬು ಕೊಟ್ಟುಹೋಗಿದ್ದರು. ಸುತ್ತ ಕಟಾಂಜನ, ಕೆಳಗೆ ಬರೀ ಹಲಗೆ. ಅದರ ಮೇಲೆ ಹಾಸಲೆಂದು ಶಾಂತಮ್ಮ ಸಂಭ್ರಮದಿಂದ ಟ್ರಂಕು ತೆಗೆದಿದ್ದರು. ಬೇಸಿಗೆಯಿಡೀ ಕೂತು ಬೂರುಗದ ಹತ್ತಿಯ ಬೀಜ ಬಿಡಿಸಿ, ತುಂಬಿ ಹೊಲಿದ ಹಾಸಿಗೆ. ಕೈಯಿಟ್ಟರೆ ಮೊಣಕೈವರೆಗೆ ಇಳಿಯಬೇಕು, ಅಷ್ಟು ಮೆತ್ತಗೆ. ಧಾರಿಣಿ ಬೇಡ ಎಂದುಬಿಟ್ಟಿದ್ದಳು.

"ಡಾಕ್ಟರಮ್ಮ ಹೇಳವ್ರೆ ಕಣವ್ವ. ಮೆತ್ತಗಿದ್ರೆ ಮಗು ಮಗುಚಿಕೊಂಡಾಗ ಮೂಗು ಹೂತುಹೋಗುತ್ತೆ. ಗಟ್ಟಿಯಾಗಿರಬೇಕು. ದಿಂಬು, ರಗ್ಗು ಏನೂ ಇಡಬಾರದು."

"ನೀನು ಬೆಳೆದಿದ್ದು ಇಂಥದ್ರ ಮೇಲೇ. ನಿಂಗೇನಾಗಿತ್ತು?"

"ನಂಗೇನೂ ಆಗಲಿಲ್ಲ. ಇವನಿಗೂ ಆಗಲ್ಲ ಅಂತ ಬರ್ಕೊಡ್ತೀಯಾ?"

ಶಾಂತಮ್ಮ ಹಾಸಿಗೆಯನ್ನು ಮಡಿಸಿ ಮತ್ತೆ ಟ್ರಂಕಿಗೆ ಹಾಕಿದ್ದರು. ಮೊಮ್ಮಗ ಅಜ್ಜಿ ಕೈಯಾರೆ ಹೊಲಿದದ್ದರ ಮೇಲೆ ಮಲಗಲಿ ಎಂಬುದೊಂದೇ ಅವರ ಆಸೆ. ಅದೂ ಹೋಯಿತು.

ತಿಂಡಿಯಾದ ಮೇಲೆ ಯಶವಂತ ಚಪ್ಪಲಿ ಮೆಟ್ಟಿದ. "ಅತ್ತೆ, ಕ್ರಿಬ್ಬಿಗೆ ಹಾಸಿಗೆ ತರೋಣ, ಅಂಗಡಿಗೆ ಬರ್ತೀರಾ? ನಂಗೆ ಇದೆಲ್ಲ ತಿಳಿಯಲ್ಲ."

"ನಂಗೂ ತಿಳಿಯಲ್ಲ ಅಂತ ನಿಮ್ಮ ಹೆಂಡ್ತಿ ಹೇಳಾಯ್ತಲ್ಲ," ಎಂದರೂ ಶಾಂತಮ್ಮ ಎದ್ದರು. ಹೊರಡುವ ಮುಂಚೆ ಕ್ರಿಬ್ಬಿನೊಳಗೆ ಗೇಣು ಹಾಕಿ ಅಳೆದರು. ಉದ್ದ ಆರು ಗೇಣು, ಅಗಲ ಮೂರು ಗೇಣು ಎರಡು ಬೆರಳು.

ಮೆಟ್ರೊ ಕಂಬಗಳು ಏಳುತ್ತಿದ್ದ ರಸ್ತೆಯ ಧೂಳು ದಾಟಿ ರಿಕ್ಷಾ ಮಾರ್ಕೆಟ್ ಸೇರಿತು. ಅಂಗಡಿಯವನು ಮೊದಲು ತೆಗೆದದ್ದೇ ಆನೆ, ನಕ್ಷತ್ರಗಳ ಚಿತ್ರವಿದ್ದ ದಪ್ಪನೆಯ ಹಾಸಿಗೆ. "ಮಕ್ಕನ್ ಹೈ ಮಾತಾಜಿ, ಮಕ್ಕನ್!"

"ಬೆಣ್ಣೆ ಥರ ಅಂತಿದಾನೆ," ಎಂದ ಯಶವಂತ.

ಶಾಂತಮ್ಮ ಅಂಗೈಯೂರಿ ಒತ್ತಿದರು. ಕೈ ಇಳಿಯಿತು. ಎತ್ತಿದ ಮೇಲೂ ಬೆರಳುಗಳ ಗುರುತು ಹಾಗೇ ನಿಂತು, ಆಮೇಲೆ ನಿಧಾನವಾಗಿ ತುಂಬಿಕೊಂಡಿತು. ನಾಟಿಗೆ ಹದಮಾಡಿದ ಕೆಸರಿನಲ್ಲಿ ಹೆಜ್ಜೆ ತುಂಬಿಕೊಳ್ಳುವುದೂ ಹೀಗೇ. ಅಂಥದೊಂದು ಮಡಿಯಲ್ಲಿ ಎಂಟು ದಿನದ ಕರು ಮುಗ್ಗರಿಸಿದ್ದು ಅವರಿಗೆ ನೆನಪಾಯಿತು. ಏಳಲು ಒದ್ದಾಡಿದಷ್ಟೂ ಮೂತಿ ಹೂತುಕೊಳ್ಳುತ್ತಿತ್ತು. ತಾವೇ ಸೀರೆ ಎತ್ತಿ ಕಟ್ಟಿ ಇಳಿದು ಮೂಗಿನ ಕೆಸರು ಬಳಿದಿದ್ದರು. ಕರು ಬದುಕಿತು. ಆದರೆ ಆ ಕ್ಷಣ ಶಾಂತಮ್ಮನಿಗೆ ಟ್ರಂಕಿನಲ್ಲಿದ್ದ ಹಾಸಿಗೆ ಕಣ್ಣಿಗೆ ಕಟ್ಟಿತು.

"ಅಳಿಯಂದ್ರೇ, ಇದು ಗದ್ದೆ. ನಮಗೆ ಗದ್ದೆ ಬೇಡ, ಕಣ ಬೇಕು ಅನ್ನಿ."

"ಕಣಕ್ಕೆ ಹಿಂದಿ ನಂಗೆ ಬರಲ್ಲ ಅತ್ತೆ!"

"ಬಡಿದು, ಸಾರಿಸಿ, ಕಲ್ಲಿನ ಗುಂಡು ಉರುಳಿಸಿದಂಗಿರಬೇಕು. ಮೇಲೆ ಭತ್ತ ಸುರಿದ್ರೆ ಒಂದು ಕಾಳೂ ಒಳಗಿಳೀಬಾರದು."

ಯಶವಂತ ಇಷ್ಟನ್ನೂ "ಸಖ್ತ್ ವಾಲಾ", ಅಂದರೆ ಗಟ್ಟಿಯದು, ಎಂಬ ಎರಡೇ ಮಾತಿನಲ್ಲಿ ಮುಗಿಸಿದ. ಅಂಗಡಿಯವನು ಒಂದೊಂದಾಗಿ ಇಳಿಸಿದ. ಶಾಂತಮ್ಮ ಒತ್ತಿ ಒತ್ತಿ ಪಕ್ಕಕ್ಕೆ ತಳ್ಳಿದರು. ಐದನೆಯದು ಅಂಗೈಗೆ ಎದುರು ನಿಂತಿತು. ಕೈ ತೆಗೆದರೆ ಗುರುತೇ ಇಲ್ಲ. ಗೇಣು ಹಾಕಿದರು. ಅಗಲಕ್ಕೆ ಮೂರು ಬೆರಳು ಕಮ್ಮಿ.

"ಚಲೇಗಾ, ಮಾತಾಜಿ," ಇಷ್ಟು ನಡೆಯುತ್ತೆ ಎಂದು ಅಂಗಡಿಯವನು ಕೈಯಾಡಿಸಿದ.

"ನಹೀ ಭಯ್ಯಾ," ಎಂದು ಶಾಂತಮ್ಮ ತಮಗೆ ಗೊತ್ತಿದ್ದ ಹಿಂದಿಯನ್ನೆಲ್ಲ ಖರ್ಚುಮಾಡಿ ಕನ್ನಡಕ್ಕೆ ಇಳಿದರು. "ಬದುವಿನ ಪಕ್ಕ ಏಡಿ ತೂತು ಬಿಟ್ಟಂಗಾಯ್ತು. ಮಗೀನ ಮುಖ ಅಲ್ಲಿ ಸಿಕ್ಕೊಂಡ್ರೆ?"

ಮಾತು ತಿಳಿಯದಿದ್ದರೂ ಶಾಂತಮ್ಮ ಎತ್ತಿ ತೋರಿಸಿದ ಮೂರು ಬೆರಳು ಕಂಡು ಅಂಗಡಿಯವನು ಗೋಡೌನಿಗೆ ಓಡಿದ. ತಂದದ್ದು ಗೇಣಿಗೆ ಗೇಣು, ಬೆರಳಿಗೆ ಬೆರಳು ಕೂತಿತು.

ಮನೆಯಲ್ಲಿ ಹಾಸಿಗೆ ಕ್ರಿಬ್ಬಿನೊಳಕ್ಕೆ ಬಿಗಿಯಾಗಿ ಇಳಿಯಿತು. ಶಾಂತಮ್ಮ ತಮ್ಮ ಹಳೆಯ ನೂಲಿನ ಸೀರೆ ಕತ್ತರಿಸಿ, ಹಾಸಿಗೆಗೆ ಗವುಸು ಹೊಲಿದು, ಒಂದು ನೆರಿಗೆಯೂ ಏಳದಂತೆ ಎಳೆದು ತೊಡಿಸಿದರು. ಮಗುವನ್ನು ಅಂಗಾತ ಮಲಗಿಸಿದರು. ಅದು ಎರಡೂ ಕೈ ತಲೆಯ ಪಕ್ಕಕ್ಕೆ ಚೆಲ್ಲಿ ಒಮ್ಮೆ ಆಕಳಿಸಿತು. ಹಾಗೇ ನಿದ್ದೆ ಹೋಯಿತು.

"ನಿನ್ನ ಸೀರೆ ಮೇಲೆ ಹೆಂಗೆ ಮಲಗವ್ನೆ ನೋಡವ್ವ," ಎಂದಳು ಧಾರಿಣಿ. "ಬೂರುಗದ ಹಾಸಿಗೆ ಏನು ಮಾಡ್ತೀಯ?"

"ಅದು ನಿನ್ನ ಬೆನ್ನಿಗೆ. ಹಾಲು ಕುಡಿಸುವಾಗ ಒರಗಿಕೋ. ನೀನು ಮಗುಚಿಕೊಂಡ್ರೆ ಏಳೋ ಶಕ್ತಿ ಐತೆ."

ಮರುದಿನ ಏಳಕ್ಕೆ ಮತ್ತೆ ಕೂಗು ಬಂತು. "ಗದ್ದೇ ಲೇ ಲೋ!"

ಶಾಂತಮ್ಮ ಸೌಟು ಹಿಡಿದು ಬಾಲ್ಕನಿಗೆ ನುಗ್ಗಿದರು. "ಹೋಗಪ್ಪಾ ಹೋಗು! ಗದ್ದೆ ನಮ್ಮೂರಲ್ಲೇ ಐತೆ. ಇಲ್ಲಿ ಕಣ ಮಾಡ್ಕೊಂಡಿದೀವಿ!"

"ಅಚ್ಛಾ ಮಾತಾಜಿ!" ಎಂದು ಅವನು ಕೈಯೆತ್ತಿದ. ಒಳಗಿನಿಂದ ಧಾರಿಣಿ, "ಅವ್ವಾ, ಹೊಲಿಗೆ!" ಎಂದು ನಗುತ್ತಲೇ ಕೂಗಿದಳು. ಮಗು ಮಾತ್ರ ಎಚ್ಚರಗೊಳ್ಳಲಿಲ್ಲ.