ಕಾಲರ್ ಜಗ್ಗಿ ಒಡ್ಡಿದ ಭುಜ

ಕಾನೂನು ಅಧಿಕಾರಿ ಮೂರನೇ ಸಲ ಅದೇ ಪುರಾಣ ಬಿಚ್ಚಿದಾಗ ನರ್ಸಮ್ಮನಿಗೆ ತಲೆ ಚಿಟ್ಟು ಹಿಡಿದುಹೋಯಿತು. ಲಸಿಕೆ ಹಾಕಿದವರ ಮೇಲೆ ಯಾರೂ ದಾವೆ ಹೂಡುವಂತಿಲ್ಲವಂತೆ, ಕಾನೂನೇ ಅವರ ಬೆನ್ನಿಗಿದೆಯಂತೆ. ಒಂದೇ ಷರತ್ತು: ಸೂಜಿಯನ್ನು ನಿಯಮದ ಪ್ರಕಾರ ತೋಳಿನ ಮಧ್ಯಕ್ಕೇ ಚುಚ್ಚಿರಬೇಕು.

ಅವಳು ಅಲ್ಲಿಗೆ ಚುಚ್ಚಿರಲಿಲ್ಲ. ಆಸ್ಪತ್ರೆಯೆದುರಿನ ಟೈಲರ್ ಅವತ್ತು ತಾನೇ ಹೊಲಿದ ಹೊಸ ಅಂಗಿ ತೊಟ್ಟು ಬಂದಿದ್ದ. ಅಂಗಿಯ ತೋಳು ಮಡಚಿ ಎಂದರೆ ಇಸ್ತ್ರಿ ಕೆಡುತ್ತದೆಂದು ಹಟ ಹಿಡಿದು, ಎರಡು ಗುಂಡಿ ಬಿಚ್ಚಿ, ಕಾಲರನ್ನು ಪಕ್ಕಕ್ಕೆ ಜಗ್ಗಿ ಭುಜ ಒಡ್ಡಿ ಕೂತ. ಹಿಂದೆ ಹನುಮಂತನ ಬಾಲದಂಥ ಸಾಲು. ಇವನ ಜೊತೆ ಯಾರು ತಲೆ ಚಚ್ಚಿಕೊಳ್ಳುವುದೆಂದು ಅವಳು ಸಿಕ್ಕಿದ ಜಾಗಕ್ಕೇ ಚುಚ್ಚಿ ಕಳಿಸಿದ್ದಳು. ಸೂಜಿ ಭುಜದ ಕೀಲಿಗೆ ತಾಗಿ, ಎರಡು ತಿಂಗಳಾದರೂ ಅವನ ಬಲಗೈ ಮೇಲೇಳುತ್ತಿಲ್ಲ.

ಸರ್ಕಾರದ ಪರಿಹಾರಕ್ಕೆ ಅವನು ಹಾಕಿದ ಅರ್ಜಿ ಈಗ ಮೇಜಿನ ಮೇಲಿತ್ತು. ಚುಚ್ಚಿದ ಜಾಗ ಯಾವುದೆಂದು ಅವಳೇ ಬರೆದು ಸಹಿ ಹಾಕಬೇಕು.

“ಮಧ್ಯ ಅಂತ ಬರೀರಿ ಸಿಸ್ಟರ್. ನಿಮ್ಮ ಕೂದಲೂ ಕೊಂಕಲ್ಲ,” ಎಂದ ಅಧಿಕಾರಿ.

ಹಾಗೆ ಬರೆದರೆ ಕೈ ಸೋತದ್ದಕ್ಕೂ ಸೂಜಿಗೂ ಸಂಬಂಧವಿಲ್ಲವೆಂದು ಅರ್ಜಿ ವಜಾ. ನಿಜ ಬರೆದರೆ ಅವಳ ರಕ್ಷಣೆ ಹೋಯಿತು, ಕೆಲಸವೂ ಹೋಗಬಹುದು. ತಪ್ಪೇ ಮಾಡದವರನ್ನು ಕಾಯುವುದಕ್ಕೆ ಇಷ್ಟು ದೊಡ್ಡ ಕಾನೂನು ಯಾಕೆ ಬೇಕಿತ್ತೋ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಯೋಚಿಸಿ ಬರೆಯುತ್ತೇನೆಂದು ಅರ್ಜಿಯನ್ನು ಚೀಲಕ್ಕೆ ತುರುಕಿಕೊಂಡು ಹೊರಬಿದ್ದಳು.

ಜೇಬು ಹರಿದಿದ್ದ ಅವಳ ಬಿಳಿ ಕೋಟು ಹೊಲಿಗೆಗೆಂದು ಅದೇ ಟೈಲರನ ಅಂಗಡಿಯಲ್ಲಿತ್ತು, ಅದೂ ಒಂದು ಗ್ರಹಚಾರ. ಅವಳು ಹೋದಾಗ ಅವನು ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯೊಂದರಲ್ಲೇ ಬಟ್ಟೆ ದೂಡುತ್ತಿದ್ದ. ತೊಟ್ಟ ಅಂಗಿ ಮುದ್ದೆಯಾಗಿತ್ತು, ಮೇಲಿನ ಗುಂಡಿಗಳನ್ನು ಹಾಕಿರಲಿಲ್ಲ. ಅವಳ ಜೇಬಿನ ಹೊಲಿಗೆ ಸೊಟ್ಟಗಿತ್ತು.

“ಎರಡು ಸಲ ಬಿಚ್ಚಿ ಹೊಲಿದೆ ಸಿಸ್ಟರಮ್ಮ, ನೆಟ್ಟಗೆ ಬರಲಿಲ್ಲ,” ಎಂದ. “ತಪ್ಪು ನಂದೇ ಬಿಡಿ. ಅವತ್ತು ತೋಳು ಮಡಚಿ ಅಂದ್ರಿ, ನಾನು ಕೇಳಲಿಲ್ಲ.”

ಅವಳಿಗೆ ಸಿಟ್ಟು ನೆತ್ತಿಗೇರಿತು. ಇವನು ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಸುಮ್ನಿರಿ. ಸೂಜಿ ಇದ್ದದ್ದು ನನ್ನ ಕೈಲಿ,” ಎಂದು ಗದರಿದಳು.

ಹೊಲಿಗೆ ಯಂತ್ರದ ಹಲಗೆಯ ಮೇಲೆ ಅರ್ಜಿ ಹರವಿ, ‘ಭುಜದ ತುದಿ, ಕೀಲಿನ ಹತ್ತಿರ’ ಎಂದು ಬರೆದಳು. ಕೆಳಗೆ ಸಹಿ ಹಾಕಿದಳು. ಆಮೇಲೆ ಆ ಸೊಟ್ಟ ಜೇಬಿನ ಕೋಟನ್ನೇ ತೊಟ್ಟು ಅಧಿಕಾರಿಯ ಕೋಣೆಗೆ ವಾಪಸು ನಡೆದಳು.